ಪಾದ್ರಿಯ ಕೈಯಲ್ಲಿದ್ದ ಊರು: ರಿಸಾಲ್ ಕಾದಂಬರಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಸ್ಪೇನಿನ ಆಳ್ವಿಕೆಯಲ್ಲಿದ್ದ ಫಿಲಿಪೀನ್ಸ್ ಕುರಿತು ಹೋಸೆ ರಿಸಾಲ್ (1861–1896) ಬರೆದ ಎರಡು ಕಾದಂಬರಿಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಉತ್ತರಗಳಲ್ಲಿ ಕತೆಯ ಗುಟ್ಟುಗಳೂ ಬಯಲಾಗುತ್ತವೆ. ಇನ್ನೂ ಓದದವರು ಮೊದಲ ಎರಡು ಪ್ರಶ್ನೆಗಳನ್ನಷ್ಟೇ ನೋಡಿ, ಪುಸ್ತಕ ಮುಗಿಸಿ, ಉಳಿದದ್ದಕ್ಕೆ ಮರಳಬಹುದು.

ಪ್ರಶ್ನೆ: ಎರಡು ಕಾದಂಬರಿಗಳಲ್ಲಿ ಯಾವುದನ್ನು ಮೊದಲು ಓದಬೇಕು? ಎರಡನೆಯದು ಚಿಕ್ಕದು. ನೇರವಾಗಿ ಅದನ್ನೇ ಹಿಡಿದರೆ ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. ‘ನೋಲಿ ಮೆ ತಾಂಗೆರೆ’ ಮೊದಲು, ‘ಎಲ್ ಫಿಲಿಬುಸ್ತೆರಿಸ್ಮೊ’ ಆಮೇಲೆ. ಮೊದಲನೆಯದು 1887ರಲ್ಲಿ ಬರ್ಲಿನ್‌ನಲ್ಲಿ ಅಚ್ಚಾಯಿತು, ಎರಡನೆಯದು 1891ರಲ್ಲಿ ಬೆಲ್ಜಿಯಮ್ಮಿನ ಗೆಂಟ್ ನಗರದಲ್ಲಿ. ಎರಡೂ ಸ್ಪ್ಯಾನಿಷ್ ಭಾಷೆಯವು. ‘ನೋಲಿ’ಯ ಕತೆ ಅಕ್ಟೋಬರ್ ಕೊನೆಯ ಒಂದು ಔತಣಕೂಟದಲ್ಲಿ ಶುರುವಾಗಿ ಕ್ರಿಸ್ಮಸ್ ಹಿಂದಿನ ರಾತ್ರಿಗೆ ಮುಗಿಯುತ್ತದೆ. ‘ಫಿಲಿ’ ತೆರೆದುಕೊಳ್ಳುವುದು ಹದಿಮೂರು ವರ್ಷಗಳ ನಂತರ, ಪಾಸಿಗ್ ನದಿಯಲ್ಲಿ ಏದುಸಿರು ಬಿಡುತ್ತ ಸಾಗುವ ‘ತಾಬೊ’ ಎಂಬ ಉಗಿಹಡಗಿನ ಮೇಲೆ. ಆ ಹಡಗಿನಲ್ಲಿರುವ ಆಭರಣ ವ್ಯಾಪಾರಿ ಸಿಮೂನ್ ಯಾರೆಂಬುದು ಏಳನೆಯ ಅಧ್ಯಾಯದಲ್ಲಿ ತಿಳಿಯುತ್ತದೆ. ಮೊದಲ ಪುಸ್ತಕ ಓದದವರಿಗೆ ಆ ಏಳನೆಯ ಅಧ್ಯಾಯ ಬರಿಯ ಮಾಹಿತಿಯಾಗಿ ಕಾಣುತ್ತದೆ. ಓದಿದವರಿಗೆ ಅಲ್ಲಿಂದ ಮುಂದಿನ ಒಂದೊಂದು ಪುಟವೂ ಭಾರವಾಗುತ್ತದೆ.

‘ನೋಲಿ’ಯ ಮೊದಲ ಹತ್ತು ಅಧ್ಯಾಯಗಳಲ್ಲಿ ಓದು ತಡವರಿಸುವುದು ಸಹಜ, ಏಕೆಂದರೆ ಹೆಸರುಗಳು ಗುಂಪಾಗಿ ಬರುತ್ತವೆ. ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದುಕೊಳ್ಳಿ: ಚರ್ಚಿನವರು (ದಾಮಾಸೊ, ಸಾಲ್ವಿ, ಸಿಬಿಲಾ), ಆಯುಧದವರು (ಸಿವಿಲ್ ಗಾರ್ಡ್ ಎಂಬ ಪೊಲೀಸ್ ಪಡೆಯ ಅಲ್ಫೆರೆಸ್, ಅಂದರೆ ಅಧಿಕಾರಿ, ಮತ್ತು ಅವನ ಹೆಂಡತಿ ಕೊನ್ಸೊಲಾಸಿಯೊನ್), ಹಣವಂತರು (ಕಪಿತಾನ್ ತಿಯಾಗೊ, ಇಬರ್ರಾ ಮನೆತನ), ಏನೂ ಇಲ್ಲದವರು (ಸಿಸಾ, ಅವಳ ಮಕ್ಕಳು, ಎಲಿಯಾಸ್). ಹೊಸ ಹೆಸರು ಬಂದಂತೆಲ್ಲ ಅದು ಯಾವ ಸಾಲಿಗೆ ಸೇರುತ್ತದೆ ಎಂದು ಗುರುತು ಹಾಕಿ. ಯಾವ ಸಾಲಿಗೂ ಸೇರದೆ ಉಳಿಯುವವನು ಮುದುಕ ತಾಸಿಯೊ. ಅವನನ್ನು ಊರು ಒಮ್ಮೆ ತತ್ವಜ್ಞಾನಿ ಎನ್ನುತ್ತದೆ, ಒಮ್ಮೆ ಹುಚ್ಚ ಎನ್ನುತ್ತದೆ.

ಪ್ರಶ್ನೆ: ಯಾವ ಇಂಗ್ಲಿಷ್ ಅನುವಾದ ಒಳ್ಳೆಯದು? ಪುಸ್ತಕದಂಗಡಿಯಲ್ಲಿ ನಾಲ್ಕು ಬಗೆಯವು ಕಂಡವು.

ಉತ್ತರ: ಚಾರ್ಲ್ಸ್ ಡರ್ಬಿಶೈರ್ ಮಾಡಿದ 1912ರ ಅನುವಾದಗಳು ಹಕ್ಕುಸ್ವಾಮ್ಯದಿಂದ ಮುಕ್ತ, ಉಚಿತವಾಗಿ ಸಿಗುತ್ತವೆ. ಭಾಷೆ ಹಳೆಯದು, ವಾಕ್ಯಗಳು ಉದ್ದ, ಆದರೆ ಮೂಲದ ಬೆನ್ನು ಬಿಡುವುದಿಲ್ಲ. ರಾಜತಾಂತ್ರಿಕ ಲೆಯೊನ್ ಮರಿಯಾ ಗೆರೆರೊ ಅವರ ಅನುವಾದ (‘ನೋಲಿ’ 1961, ‘ಫಿಲಿ’ 1962) ಸಲೀಸಾಗಿ ಓದಿಸಿಕೊಳ್ಳುತ್ತದೆ. ಆದರೆ ಆ ಸಲೀಸಿಗಾಗಿ ತೆತ್ತ ಬೆಲೆ ದೊಡ್ಡದು: ರಿಸಾಲ್ ಬೇಕೆಂದೇ ಇಟ್ಟ, ಅಲ್ಲಿನ ಜನರ ತಗಾಲೊಗ್ ಭಾಷೆಯ ಪದಗಳು ಅನೇಕ ಕಡೆ ಮಾಯವಾಗಿವೆ, ನಿರೂಪಕ ಓದುಗನ ಕಡೆ ತಿರುಗಿ ಮಾತಾಡುವ ಜಾಗಗಳು ಸವೆದಿವೆ, ಮನಿಲಾದ ಬೀದಿ-ಸೇತುವೆಗಳ ಹೆಸರುಗಳು ತೆಳುವಾಗಿವೆ. ಅದನ್ನು ಎರಡನೆಯ ಓದಿಗೆ ಇಟ್ಟುಕೊಳ್ಳಿ. ಸೊಲೆದಾದ್ ಲಾಕ್ಸೊನ್-ಲೊಕ್ಸಿನ್ ಅವರದು (1996, 1997) ಮೂಲಕ್ಕೆ ಹೆಚ್ಚು ನಿಷ್ಠ. ಹೆರಾಲ್ಡ್ ಆಗೆನ್‌ಬ್ರಾಮ್ ಅವರದು (2006, 2011) ಇಂದಿನ ಓದುಗನಿಗೆ ಹತ್ತಿರ. ಮೊದಲ ಸಲ ಓದುವವರಿಗೆ ಈ ಕೊನೆಯ ಎರಡರಲ್ಲಿ ಯಾವುದಾದರೂ ಸರಿ.

ಕೊಳ್ಳುವ ಮುನ್ನ ಅಧ್ಯಾಯಗಳನ್ನು ಎಣಿಸಿ. ‘ನೋಲಿ’ಯಲ್ಲಿ 63 ಅಧ್ಯಾಯಗಳು ಮತ್ತೊಂದು ಉಪಸಂಹಾರ, ‘ಫಿಲಿ’ಯಲ್ಲಿ 39. ಇದಕ್ಕಿಂತ ಕಡಿಮೆಯಿದ್ದರೆ ಅದು ಶಾಲೆಗಾಗಿ ಮಾಡಿದ ಸಂಕ್ಷಿಪ್ತ ರೂಪ, ಮುಟ್ಟಬೇಡಿ. ಸಂಕ್ಷೇಪಿಸುವವರು ಮೊದಲು ಕತ್ತರಿಸುವುದೇ ವಾದ-ಸಂವಾದದ ಅಧ್ಯಾಯಗಳನ್ನು, ಮತ್ತು ಈ ಕಾದಂಬರಿಗಳ ಜೀವ ಅಲ್ಲೇ ಇದೆ. ಕೆಲವು ಆವೃತ್ತಿಗಳ ‘ನೋಲಿ’ಯಲ್ಲಿ ಒಂದು ಅಧ್ಯಾಯ ಹೆಚ್ಚಿರುತ್ತದೆ ಅಥವಾ ಅನುಬಂಧವಿರುತ್ತದೆ: ‘ಎಲಿಯಾಸ್ ಮತ್ತು ಸಲೊಮೆ’. ಮುದ್ರಣದ ಖರ್ಚು ಇಳಿಸಲು ರಿಸಾಲ್ ಹಸ್ತಪ್ರತಿಯಲ್ಲೇ ಹೊಡೆದುಹಾಕಿದ ಭಾಗವದು. ಎಲಿಯಾಸನಿಗೂ ಒಂದು ಮನೆ, ಒಂದು ಪ್ರೀತಿ ಸಾಧ್ಯವಿತ್ತು ಎಂಬುದು ತಿಳಿಯುವುದು ಅಲ್ಲಿ ಮಾತ್ರ. ಇದ್ದರೆ ಬಿಡದೆ ಓದಿ.

ಪ್ರಶ್ನೆ: ‘ನೋಲಿ’ ಓದಿದೆ. ಬೈಗುಳವೆಲ್ಲ ಪಾದ್ರಿಗಳಿಗೇ ಬಿದ್ದಿದೆ, ಸ್ಪೇನಿನ ಸರ್ಕಾರ ಹೆಚ್ಚುಕಡಿಮೆ ಪಾರಾಗಿದೆ. ಗವರ್ನರ್ ಜನರಲ್ ಅಂತೂ ಒಳ್ಳೆಯ ಮನುಷ್ಯನಂತೆ ಬರುತ್ತಾನೆ. ಇದು ವಸಾಹತುಶಾಹಿಯ ಟೀಕೆ ಹೇಗಾಯಿತು?

ಉತ್ತರ: ಆ ಊರಿನಲ್ಲಿ ಸರ್ಕಾರ ಎಂದರೆ ಯಾರು ಎಂಬುದನ್ನು ನೋಡಿದರೆ ಪ್ರಶ್ನೆಗೆ ಉತ್ತರ ಸಿಗುತ್ತದೆ. ಗವರ್ನರ್ ಜನರಲ್ ಮ್ಯಾಡ್ರಿಡ್‌ನಿಂದ ಬಂದು ಕೆಲವೇ ವರ್ಷಗಳಲ್ಲಿ ಹಿಂದಿರುಗುತ್ತಿದ್ದ. ಸ್ಪೇನಿನಲ್ಲಿ ಮಂತ್ರಿಮಂಡಲ ಬಿದ್ದರೆ ಇಲ್ಲಿ ಅವನ ಕುರ್ಚಿಯೂ ಅಲ್ಲಾಡುತ್ತಿತ್ತು. ಪಾದ್ರಿ ಹಾಗಲ್ಲ. ಅಗಸ್ಟೀನಿಯನ್, ಫ್ರಾನ್ಸಿಸ್ಕನ್, ಡೊಮಿನಿಕನ್, ರಿಕೊಲೆಕ್ಟ್ ಎಂಬ ನಾಲ್ಕು ಪಂಥಗಳ ಸನ್ಯಾಸಿಗಳು ಒಂದೇ ಊರಿನಲ್ಲಿ ದಶಕಗಟ್ಟಲೆ ನೆಲೆಸಿ, ಊರ ಭಾಷೆ ಕಲಿತು, ಎಲ್ಲರ ಗುಟ್ಟನ್ನೂ ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಕೇಳಿದವರು. ಎಷ್ಟೋ ಊರುಗಳಲ್ಲಿ ಕಾಣಸಿಗುವ ಏಕೈಕ ಸ್ಪೇನಿಗ ಅವನೇ. ಹುಟ್ಟು-ಸಾವಿನ ದಾಖಲೆ ಅವನಲ್ಲಿತ್ತು, ತೆರಿಗೆ ಪಟ್ಟಿ ಅವನ ಕಣ್ಣೆದುರು ಹಾಯುತ್ತಿತ್ತು, ಶಾಲೆಯ ತಪಾಸಣೆ ಅವನದು, ಊರ ಮುಖ್ಯಸ್ಥನ ಆಯ್ಕೆಗೆ ಅವನ ಒಪ್ಪಿಗೆ ಬೇಕಿತ್ತು, ಯಾರನ್ನು ಎಲ್ಲಿ ಹೂಳಬೇಕೆಂಬುದೂ ಅವನ ಮಾತು. ಇದರ ಜೊತೆಗೆ ಪಂಥಗಳ ಕೈಯಲ್ಲಿ ವಿಶಾಲ ಜಮೀನುಗಳಿದ್ದವು. ರಿಸಾಲ್‌ನ ಹುಟ್ಟೂರು ಕಲಾಂಬಾದಲ್ಲಿ ಅವನ ಮನೆಯವರೇ ಡೊಮಿನಿಕನ್ನರ ಗೇಣಿದಾರರು.

ಈ ಒಂದೊಂದು ಅಧಿಕಾರಕ್ಕೂ ‘ನೋಲಿ’ಯಲ್ಲಿ ಒಂದೊಂದು ಘಟನೆಯಿದೆ. ಸ್ಮಶಾನದ ಅಧಿಕಾರ: ನಾಯಕ ಕ್ರಿಸೊಸ್ತೊಮೊ ಇಬರ್ರಾ ಏಳು ವರ್ಷ ಯುರೋಪಿನಲ್ಲಿದ್ದು ಮರಳುತ್ತಾನೆ. ಅವನ ತಂದೆ ದೊನ್ ರಾಫಾಯೆಲ್, ಹುಡುಗನೊಬ್ಬನನ್ನು ಬಡಿಯುತ್ತಿದ್ದ ತೆರಿಗೆ ವಸೂಲಿಗಾರನನ್ನು ತಡೆಯಲು ಹೋಗಿ, ಅವನು ಬಿದ್ದು ಸತ್ತದ್ದರಿಂದ ಜೈಲು ಸೇರಿ ಅಲ್ಲೇ ತೀರಿಕೊಂಡಿದ್ದಾನೆ. ಪಾಪನಿವೇದನೆಗೆ ಹೋಗದವನು ಎಂಬ ಕಾರಣಕ್ಕೆ ಪಾದ್ರೆ ದಾಮಾಸೊ ಹೆಣವನ್ನು ಅಗೆಸಿ ಚೀನೀಯರ ಸ್ಮಶಾನಕ್ಕೆ ಸಾಗಿಸಲು ಹೇಳುತ್ತಾನೆ. ಮಳೆ, ಕತ್ತಲು, ಭಾರ. ಹೊತ್ತವನು ಅದನ್ನು ಸರೋವರಕ್ಕೆ ಎಸೆಯುತ್ತಾನೆ. ಶಾಲೆಯ ಅಧಿಕಾರ: 19ನೆಯ ಅಧ್ಯಾಯದ ಮೇಷ್ಟ್ರಿಗೆ ಶಾಲಾ ಕಟ್ಟಡವಿಲ್ಲ, ಪಾದ್ರಿಯ ನಿವಾಸದ ಕೆಳಗೆ, ಅವನ ಸಾರೋಟು ನಿಲ್ಲಿಸುವ ಜಾಗದ ಪಕ್ಕದಲ್ಲಿ ಪಾಠ. ಸ್ಪ್ಯಾನಿಷ್ ಕಲಿಸಲು ಹೊರಟರೆ ಅವಮಾನ, ಬೆತ್ತ ಬಿಟ್ಟರೆ ಮತ್ತೆ ಹಿಡಿಯಲು ಆಜ್ಞೆ. ಚಿಲ್ಲರೆ ಕೆಲಸದವರ ಮೇಲಿನ ಅಧಿಕಾರ: ಸಿಸಾಳ ಇಬ್ಬರು ಪುಟ್ಟ ಮಕ್ಕಳು ಬಸಿಲಿಯೊ, ಕ್ರಿಸ್ಪಿನ್ ಚರ್ಚಿನಲ್ಲಿ ಗಂಟೆ ಹೊಡೆಯುವವರು. ಕಿರಿಯವನ ಮೇಲೆ ಎರಡು ಚಿನ್ನದ ನಾಣ್ಯ, ಅಂದರೆ 32 ಪೆಸೊ, ಕದ್ದ ಆರೋಪ. ತಿಂಗಳ ಸಂಬಳ 2 ಪೆಸೊ, ಅದರಲ್ಲೂ ದಂಡದ ಕಡಿತ. ಆ ಮೊತ್ತ ಎಷ್ಟೆಂದು ಬೆರಳು ಮಡಚಿ ಲೆಕ್ಕ ಹಾಕಲು ಹೆಣಗುವ ಮಗುವಿನ ಮಾತಿನಲ್ಲೇ ಇಡೀ ವ್ಯವಸ್ಥೆಯ ಅಂಕಿಅಂಶ ಇದೆ.

ಗವರ್ನರ್ ಜನರಲ್ ಸಭ್ಯನಾಗಿ ಕಾಣುವುದೂ ಲೆಕ್ಕಾಚಾರದ ಬರವಣಿಗೆ. ಅವನಿಗೆ ಇಬರ್ರಾ ಇಷ್ಟ, ಅವನ ಮೇಲೆ ಚರ್ಚು ಹಾಕಿದ ಬಹಿಷ್ಕಾರ ತೆಗೆಸಿಕೊಡುತ್ತೇನೆ ಎನ್ನುತ್ತಾನೆ, ಆದರೆ ಊರಿನ ದಿನನಿತ್ಯದ ಅಧಿಕಾರ ಅವನ ಕೈಗೆ ಸಿಗುವುದಿಲ್ಲ. ಒಳ್ಳೆಯ ಅಧಿಕಾರಿಯನ್ನು ಕಳಿಸಿದರೆ ಎಲ್ಲ ಸರಿಹೋದೀತು ಎಂಬ ಆಸೆ ಆ ಪುಟಗಳಲ್ಲೇ ಮುಗಿದುಹೋಗುತ್ತದೆ. ಎರಡನೆಯ ಕಾದಂಬರಿಗೆ ಬರುವಾಗ ಗವರ್ನರ್ ಜನರಲ್‌ಗೆ ಆ ಸಭ್ಯತೆಯೂ ಉಳಿದಿಲ್ಲ.

ಸ್ಮಶಾನದ ಘಟನೆ ಉತ್ಪ್ರೇಕ್ಷೆ ಎಂದು ಮತ್ತೊಬ್ಬ ಓದುಗರು ಬರೆದಿದ್ದಾರೆ. ಪುಸ್ತಕ ಬಂದ ಎರಡು ವರ್ಷಕ್ಕೆ, 1889ರಲ್ಲಿ, ರಿಸಾಲ್‌ನ ಅಕ್ಕ ಲೂಸಿಯಾಳ ಗಂಡ ಮರಿಯಾನೊ ಎರ್ಬೊಸಾ ಕಲಾಂಬಾದಲ್ಲಿ ಕಾಲರಾದಿಂದ ತೀರಿಕೊಂಡ. ಅವನಿಗೆ ಕ್ರೈಸ್ತ ಸ್ಮಶಾನದಲ್ಲಿ ಜಾಗ ನಿರಾಕರಿಸಲಾಯಿತು. ರಿಸಾಲ್ ಅದರ ಬಗ್ಗೆ ‘ಲಾ ಸೊಲಿದಾರಿದಾದ್’ ಪತ್ರಿಕೆಯಲ್ಲಿ ಲೇಖನ ಬರೆದ.

ಪ್ರಶ್ನೆ: ನಿಷೇಧಿಸಿದ ಪುಸ್ತಕ, ಅದೂ ಹೆಚ್ಚಿನ ಜನರಿಗೆ ಬಾರದ ಸ್ಪ್ಯಾನಿಷ್‌ನಲ್ಲಿ. ಇದು ಒಂದು ದೇಶವನ್ನು ಹೇಗೆ ಎಚ್ಚರಿಸಿತು?

ಉತ್ತರ: ಮೊದಲು ಪ್ರತಿಗಳ ಲೆಕ್ಕ. ‘ನೋಲಿ’ 2000 ಪ್ರತಿ ಅಚ್ಚಾಯಿತು. ಬರ್ಲಿನ್‌ನ ಚಳಿಗಾಲದಲ್ಲಿ ಊಟಕ್ಕೂ ಪರದಾಡುತ್ತಿದ್ದ ರಿಸಾಲ್‌ಗೆ ಗೆಳೆಯ ಮಾಕ್ಸಿಮೊ ವಿಯೊಲಾ 300 ಪೆಸೊ ಸಾಲ ಕೊಟ್ಟಿದ್ದರಿಂದ ಇದು ಸಾಧ್ಯವಾಯಿತು. ‘ಫಿಲಿ’ಯ ಮುದ್ರಣ 1891ರ ಆಗಸ್ಟ್‌ನಲ್ಲಿ ಹಣವಿಲ್ಲದೆ ಅರ್ಧಕ್ಕೆ ನಿಂತಿತು. ಪ್ಯಾರಿಸ್‌ನಲ್ಲಿದ್ದ ವಾಲೆಂತಿನ್ ವೆಂತುರಾ ಹಣ ಕಳಿಸಿದ ಮೇಲೆ ಸೆಪ್ಟೆಂಬರ್‌ನಲ್ಲಿ ಪುಸ್ತಕ ಹೊರಬಂತು. ಕೃತಜ್ಞತೆಗೆ ರಿಸಾಲ್ ಅದರ ಹಸ್ತಪ್ರತಿಯನ್ನೇ ವೆಂತುರಾಗೆ ಕೊಟ್ಟ. ಪ್ರತಿಗಳು ಬಹುಮಟ್ಟಿಗೆ ಹಾಂಗ್‌ಕಾಂಗ್ ದಾರಿಯಲ್ಲಿ ನುಸುಳಿದವು. 1872ರ ಸೈನಿಕ ದಂಗೆಯ ನಂತರ ಗಡಿಪಾರಾಗಿ ಅಲ್ಲಿ ನೆಲೆಸಿದ್ದ ಹೋಸೆ ಮರಿಯಾ ಬಾಸಾ ಈ ಸಾಗಣೆಯ ಮುಖ್ಯ ಕೊಂಡಿ.

ಇನ್ನು ಪ್ರಚಾರ. ಅದನ್ನು ಬಹುಪಾಲು ವಿರೋಧಿಗಳೇ ಮಾಡಿದರು. 1887ರ ಆಗಸ್ಟ್‌ನಲ್ಲಿ ಸಾಂತೊ ತೊಮಾಸ್ ವಿಶ್ವವಿದ್ಯಾಲಯದ ಸಮಿತಿ ಪುಸ್ತಕವನ್ನು ಧರ್ಮವಿರೋಧಿ, ದೇಶವಿರೋಧಿ ಎಂದಿತು. ಡಿಸೆಂಬರ್‌ನಲ್ಲಿ ಸೆನ್ಸಾರ್ ಮಂಡಳಿಯ ಪರವಾಗಿ ಅಗಸ್ಟೀನಿಯನ್ ಪಾದ್ರಿ ಸಾಲ್ವಾದೊರ್ ಫೊಂತ್, ಆಮದು, ಮರುಮುದ್ರಣ, ಪ್ರಸಾರ ಮೂರನ್ನೂ ನಿಷೇಧಿಸಬೇಕೆಂದು ವರದಿ ಕೊಟ್ಟ. ಮರುವರ್ಷ ಇನ್ನೊಬ್ಬ ಅಗಸ್ಟೀನಿಯನ್, ಹೋಸೆ ರೊದ್ರಿಗೆಸ್, ಎಂಟು ಕಿರುಹೊತ್ತಗೆಗಳ ಸರಣಿ ಬರೆದು ಇಂಥ ಪುಸ್ತಕ ಓದುವುದೇ ಮಹಾಪಾಪ ಎಂದ. ಅವು ಪೂಜೆಯ ನಂತರ ಚರ್ಚಿನ ಬಾಗಿಲಲ್ಲಿ ಮಾರಾಟವಾದವು. ಅದುವರೆಗೆ ರಿಸಾಲ್ ಹೆಸರೇ ಕೇಳದವರಿಗೂ ಹೀಗೊಂದು ಪುಸ್ತಕವಿದೆ ಎಂದು ಗೊತ್ತಾಯಿತು. ಮಾರ್ಸೆಲೊ ದೆಲ್ ಪಿಲಾರ್ ಗುಪ್ತನಾಮದಲ್ಲಿ ತಗಾಲೊಗ್ ಭಾಷೆಯಲ್ಲೇ ಮಾರುತ್ತರ ಹಂಚಿದ. ಮನಿಲಾ ಕೆಥೆಡ್ರಲ್‌ನ ದೇಶೀಯ ಪಾದ್ರಿ ವಿಸೆಂತೆ ಗಾರ್ಸಿಯಾ ಕೂಡ ಬೇರೆ ಹೆಸರಿನಲ್ಲಿ ಬರೆದು, ಓದುವುದು ಮಹಾಪಾಪವಾದರೆ ಅದನ್ನು ಓದಿ ಖಂಡಿಸಿದ ರೊದ್ರಿಗೆಸ್ ಕೂಡ ಪಾಪಿಯೇ ಎಂದು ವಾದಿಸಿದ. ಸ್ಪೇನಿನ ಸಂಸತ್ತಿನಲ್ಲೂ ‘ನೋಲಿ’ ಚರ್ಚೆಗೆ ಬಂತು.

ಓದಬಲ್ಲವರು ಕಡಿಮೆ ಎಂಬುದು ನಿಜ. ಆದರೆ ಆ ಕೆಲವರು ವಕೀಲರು, ಗುಮಾಸ್ತರು, ವಿದ್ಯಾರ್ಥಿಗಳು, ದೇಶೀಯ ಪಾದ್ರಿಗಳು, ಜಮೀನಿನ ಗೇಣಿದಾರರು. ಅವರ ಬಾಯಿಂದ ಕತೆ ಕೆಳಗಿಳಿಯಿತು. ಮುಂದೆ ಕ್ರಾಂತಿಯ ಗುಪ್ತಸಂಘ ಕಟ್ಟಿದ, ಮನಿಲಾದ ತೊಂದೊ ಭಾಗದ ಆಂದ್ರೆಸ್ ಬೊನಿಫಾಸಿಯೊ, ಸಿರಿವಂತನೂ ಅಲ್ಲದ, ಕಾಲೇಜಿನ ಮೆಟ್ಟಿಲನ್ನೂ ಹತ್ತದ ಉಗ್ರಾಣದ ನೌಕರ, ಸ್ವಂತವಾಗಿ ಓದಿ ಬೆಳೆದವನು. ಅವನು ಓದಿದ ಪುಸ್ತಕಗಳಲ್ಲಿ ರಿಸಾಲ್‌ನ ಎರಡೂ ಕಾದಂಬರಿಗಳಿದ್ದವು.

ಪ್ರಶ್ನೆ: ರಿಸಾಲ್ ಸಶಸ್ತ್ರ ಕ್ರಾಂತಿಯ ಪರವಾಗಿದ್ದನೇ? ಒಂದು ಕಡೆ ಕ್ರಾಂತಿಯ ಪ್ರೇರಕ ಎನ್ನುತ್ತಾರೆ, ಇನ್ನೊಂದು ಕಡೆ ಸುಧಾರಣಾವಾದಿ ಎನ್ನುತ್ತಾರೆ.

ಉತ್ತರ: ಕಾದಂಬರಿಗಳು ಈ ಪ್ರಶ್ನೆಯನ್ನು ಮುಚ್ಚುವುದಿಲ್ಲ, ಪಾತ್ರಗಳ ನಡುವೆ ಹಂಚಿಬಿಡುತ್ತವೆ. ಅದೇ ಅವುಗಳ ದೊಡ್ಡತನ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

‘ನೋಲಿ’ಯ 49ನೆಯ ಅಧ್ಯಾಯ ಓದಿ. ಸರೋವರದ ಮೇಲೆ, ದೋಣಿಯಲ್ಲಿ, ಎಲಿಯಾಸ್ ನೊಂದವರ ಪರವಾಗಿ ಸುಧಾರಣೆ ಕೇಳುತ್ತಾನೆ: ಸಿವಿಲ್ ಗಾರ್ಡ್‌ಗೆ ಕಡಿವಾಣ, ಪಾದ್ರಿಗಳ ಅಧಿಕಾರಕ್ಕೆ ಮಿತಿ. ಇಬರ್ರಾ ಒಪ್ಪುವುದಿಲ್ಲ. ಇವು ಅನಿಷ್ಟಗಳೇ ಇರಬಹುದು, ಆದರೆ ಬೇಕಾದ ಅನಿಷ್ಟಗಳು ಎನ್ನುತ್ತಾನೆ, ಶಾಲೆ ಕಟ್ಟುವುದರಲ್ಲಿ ನಂಬಿಕೆ ಇಡುತ್ತಾನೆ. ಈಗ 61ನೆಯ ಅಧ್ಯಾಯಕ್ಕೆ ಹೋಗಿ. ಅದೇ ಸರೋವರ, ಅದೇ ಇಬ್ಬರು, ಮತ್ತೆ ದೋಣಿ. ಆ ಹೊತ್ತಿಗೆ ಇಬರ್ರಾನ ಹೆಸರು ಬಳಸಿ ಬರಾಕಿನ ಮೇಲೆ ನಕಲಿ ದಂಗೆ ಎಬ್ಬಿಸಲಾಗಿದೆ. ಅವನು ತನ್ನ ಪ್ರೇಯಸಿ ಮರಿಯಾ ಕ್ಲಾರಾಗೆ ಬರೆದಿದ್ದ ಪತ್ರವನ್ನೇ ಸಾಕ್ಷ್ಯ ಮಾಡಿಕೊಂಡಿದ್ದಾರೆ. ಮನೆ ಸುಟ್ಟಿದೆ, ಬೆನ್ನ ಹಿಂದೆ ಬಂದೂಕುಗಳಿವೆ. ಈಗ ದಂಗೆ ಏಳುತ್ತೇನೆ ಎನ್ನುವವನು ಇಬರ್ರಾ, ತಡೆಯುವವನು ಎಲಿಯಾಸ್. ಇಬ್ಬರೂ ಸ್ಥಾನ ಬದಲಿಸಿದ್ದಾರೆ. ಈ ಎರಡು ಅಧ್ಯಾಯಗಳನ್ನು ಒಂದೇ ಬೈಠಕ್ಕಿನಲ್ಲಿ ಓದಿದರೆ ಕಾದಂಬರಿಯ ಕಟ್ಟು ಕೈಗೆ ಸಿಗುತ್ತದೆ.

‘ಫಿಲಿ’ಯ ಸಿಮೂನ್, ಅಂದರೆ ಮಾರುವೇಷದ ಇಬರ್ರಾ, ಆಡಳಿತ ಇನ್ನಷ್ಟು ಕೊಳೆಯಲಿ, ಜನ ಸಹಿಸಲಾರದೆ ಏಳಲಿ ಎಂದು ಅಧಿಕಾರಿಗಳ ದುರಾಸೆಗೆ ನೀರೆರೆಯುತ್ತಾನೆ. ಮರಿಯಾ ಕ್ಲಾರಾಳನ್ನು ಕಾನ್ವೆಂಟಿನಿಂದ ಬಿಡಿಸಲು ಹೂಡಿದ ಮೊದಲ ದಂಗೆ, ಅವಳು ಅಂದೇ ಸತ್ತ ಸುದ್ದಿ ಬಂದಾಗ ಕುಸಿಯುತ್ತದೆ. ಎರಡನೆಯದು ಮದುವೆಮನೆಯ ದೀಪ. ಅದರೊಳಗೆ ನೈಟ್ರೊಗ್ಲಿಸರಿನ್. ಗವರ್ನರ್ ಜನರಲ್ ಸೇರಿದಂತೆ ಆಳುವವರೆಲ್ಲ ಊಟಕ್ಕೆ ಕೂತಿದ್ದಾಗ, ತಾನು ಪ್ರೀತಿಸಿದ ವಧುವನ್ನು ಉಳಿಸಲು ವಿದ್ಯಾರ್ಥಿ ಇಸಗಾನಿ ದೀಪವನ್ನು ಕಸಿದು ನದಿಗೆ ಎಸೆಯುತ್ತಾನೆ. ವಿಷ ಕುಡಿದ ಸಿಮೂನ್ ಕೊನೆಗೆ ದೇಶೀಯ ಪಾದ್ರಿ ಫ್ಲೊರೆಂತಿನೊನ ಮನೆ ಸೇರುತ್ತಾನೆ. ಇಂದಿನ ಗುಲಾಮರು ನಾಳಿನ ದಬ್ಬಾಳಿಕೆಗಾರರಾಗುವುದಾದರೆ ಸ್ವಾತಂತ್ರ್ಯ ಏತಕ್ಕೆ ಎಂದು ಕೇಳುವವನು ಆ ಪಾದ್ರಿ.

ಇಷ್ಟು ನೋಡಿ ರಿಸಾಲ್ ಬಂಡಾಯದ ವಿರೋಧಿ ಎಂದು ತೀರ್ಮಾನಿಸುವವರಿದ್ದಾರೆ. ಅವರು ‘ಫಿಲಿ’ಯ ಕಬೆಸಾಂಗ್ ತಾಲೆಸ್‌ನ ಕತೆಯನ್ನು ಮತ್ತೊಮ್ಮೆ ಓದಬೇಕು. ಕಾಡು ಕಡಿದು, ಹೆಂಡತಿಯನ್ನೂ ಮಗಳನ್ನೂ ಜ್ವರಕ್ಕೆ ಕಳೆದುಕೊಂಡು ಹೊಲ ಮಾಡಿದ ರೈತ ಅವನು. ಬೆಳೆ ಕೈಗೆ ಬರುವ ಹೊತ್ತಿಗೆ ಪಂಥವೊಂದು ಜಮೀನು ತನ್ನದೆನ್ನುತ್ತದೆ. ವರ್ಷಕ್ಕೆ 20–30 ಪೆಸೊ ಗೇಣಿಯಿಂದ ಶುರುವಾಗಿ 200ಕ್ಕೆ ಏರುತ್ತದೆ. ಕೋರ್ಟು, ಸೋಲು, ಡಕಾಯಿತರ ಸೆರೆ, ಮಗಳು ಹೂಲಿ ಮನೆಗೆಲಸಕ್ಕೆ. ಕೊನೆಗೆ ಅವನೇ ಡಕಾಯಿತನಾಗುತ್ತಾನೆ. ಹತ್ತನೆಯ ಅಧ್ಯಾಯದ ಕೊನೆಯಲ್ಲಿ ರಿಸಾಲ್ ಕತೆಯನ್ನು ನಿಲ್ಲಿಸಿ, ನೇರವಾಗಿ ಕಲಾಂಬಾದ ಜನರನ್ನು ಅವರ ನಿಜವಾದ ಹೆಸರು ಹಿಡಿದು ಕರೆಯುತ್ತಾನೆ. ಅದರಲ್ಲಿ ಅವನ ಅಣ್ಣ ಪಾಸಿಯಾನೊ ಮೆರ್ಕಾದೊ ಹೆಸರೂ ಇದೆ. ಡೊಮಿನಿಕನ್ನರ ಜೊತೆಗಿನ ಗೇಣಿ ವ್ಯಾಜ್ಯದಲ್ಲಿ ಸೋತು, ಅದೇ ವರ್ಷಗಳಲ್ಲಿ ಕಲಾಂಬಾದ ರೈತರು ಮನೆಯಿಂದ ಹೊರದೂಡಲ್ಪಟ್ಟಿದ್ದರು. ಈ ಪುಟ ಬರೆದವನು ಬಂಡಾಯ ಎಲ್ಲಿಂದ ಹುಟ್ಟುತ್ತದೆಂದು ಚೆನ್ನಾಗಿ ಬಲ್ಲವನು.

ನಿಜಜೀವನದಲ್ಲಿ ನಡೆದದ್ದು ಹೀಗೆ. 1892ರ ಜುಲೈ 3ರಂದು ಮನಿಲಾದಲ್ಲಿ ‘ಲಾ ಲಿಗಾ ಫಿಲಿಪಿನಾ’ ಎಂಬ ಶಾಂತಿಯುತ ಸಂಘ ಕಟ್ಟಿದ. ಕೆಲವೇ ದಿನಗಳಲ್ಲಿ ಬಂಧನ, ಮಿಂದನಾವೊದ ದಾಪಿತಾನ್‌ಗೆ ಗಡಿಪಾರು. ಗವರ್ನರ್ ಜನರಲ್ ದೆಸ್ಪುಹೋಲ್‌ನ ಆಜ್ಞೆಯಲ್ಲಿ, ಮೂವರು ದ್ರೋಹಿಗಳಿಗೆ ಪುಸ್ತಕ ಅರ್ಪಿಸಿದ್ದೂ ಒಂದು ಅಪರಾಧ. ಆ ಪುಸ್ತಕವೇ ‘ಫಿಲಿ’, ಆ ಮೂವರು 1872ರಲ್ಲಿ ಮರಣದಂಡನೆಗೆ ಗುರಿಯಾದ ದೇಶೀಯ ಪಾದ್ರಿಗಳು. ಜುಲೈ 7ರಂದು ಬೊನಿಫಾಸಿಯೊ ಮತ್ತು ಗೆಳೆಯರು ಕತಿಪುನಾನ್ ಎಂಬ ಗುಪ್ತಸಂಘ ಕಟ್ಟಿದರು, ಮುಂದೆ ರಿಸಾಲ್‌ನನ್ನು ಗೌರವಾಧ್ಯಕ್ಷನೆಂದು ಕರೆದರು. 1896ರ ಆಗಸ್ಟ್‌ನಲ್ಲಿ ಕ್ರಾಂತಿ ಸಿಡಿಯಿತು. ಸೆರೆಯಲ್ಲಿದ್ದ ರಿಸಾಲ್ ಡಿಸೆಂಬರ್ 15ರಂದು ದಂಗೆಯನ್ನು ಖಂಡಿಸಿ ಹೇಳಿಕೆ ಬರೆದ. ಆದರೆ ಜನ ವಿದ್ಯೆಯಿಂದ ಸ್ವಾತಂತ್ರ್ಯಕ್ಕೆ ಅರ್ಹರಾಗಬೇಕು ಎಂಬ ಮಾತು ಅದರಲ್ಲಿ ಇದ್ದುದರಿಂದ ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ಡಿಸೆಂಬರ್ 30ರ ಬೆಳಿಗ್ಗೆ ಬಾಗುಂಬಾಯಾನ್ ಮೈದಾನದಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಆಗ ಅವನಿಗೆ 35 ವರ್ಷ.

ಪ್ರಶ್ನೆ: ಮರಿಯಾ ಕ್ಲಾರಾ ಬರೀ ಮೂರ್ಛೆ ಹೋಗುವ ಹೆಣ್ಣು. ರಿಸಾಲ್‌ಗೆ ಸ್ತ್ರೀ ಪಾತ್ರ ಬರೆಯಲು ಬರುತ್ತಿರಲಿಲ್ಲವೇ?

ಉತ್ತರ: ಮರಿಯಾ ಕ್ಲಾರಾಳನ್ನು ಆದರ್ಶ ಫಿಲಿಪಿನಾ ಎಂದು ಮೆರೆಸಿದವರು ನಂತರದ ಓದುಗರು. ಕಾದಂಬರಿಯಲ್ಲಿ ಅವಳು ಪಾದ್ರೆ ದಾಮಾಸೊನ ಮಗಳು. ತಾಯಿಯ ಮಾನ ಮುಚ್ಚಲು ಪ್ರಿಯಕರನ ಪತ್ರವನ್ನು ಸಾಲ್ವಿಯ ಕೈಗೆ ಬಿಟ್ಟುಕೊಡಬೇಕಾದ ಇಕ್ಕಟ್ಟು ಅವಳದು. ಅವಳ ದೌರ್ಬಲ್ಯಕ್ಕೆ ಕಾರಣ ಅವಳ ಸ್ವಭಾವಕ್ಕಿಂತ ಅವಳನ್ನು ಬೆಳೆಸಿದ ಕಾನ್ವೆಂಟು. ಆದರೂ ನಿಮ್ಮ ಆಕ್ಷೇಪದಲ್ಲಿ ಹುರುಳಿದೆ: ಸಿಸಾ, ಹೂಲಿ, ಗಾರ್ಡ್ ಅಧಿಕಾರಿಯ ಹೆಂಡತಿ ಕೊನ್ಸೊಲಾಸಿಯೊನ್ ಇವರೆಲ್ಲ ಅವಳಿಗಿಂತ ಹೆಚ್ಚು ಉಸಿರಾಡುವ ಪಾತ್ರಗಳು. ತಗಾಲೊಗ್ ಮರೆತಂತೆ ನಟಿಸುವ, ಸ್ಪ್ಯಾನಿಷ್ ಸರಿಯಾಗಿ ಬಾರದ ಕೊನ್ಸೊಲಾಸಿಯೊನ್ ಹುಚ್ಚಿ ಸಿಸಾಳಿಗೆ ಚಾವಟಿ ಬೀಸಿ ಕುಣಿಸುವ ದೃಶ್ಯ ‘ನೋಲಿ’ಯ ಅತ್ಯಂತ ಕ್ರೂರ ಪುಟ. ಅಲ್ಲಿ ಹೊಡೆಯುವವಳೂ ಹೊಡೆಸಿಕೊಳ್ಳುವವಳೂ ಇಬ್ಬರೂ ದೇಶೀಯರೇ.

ಹೆಣ್ಣಿನ ಬಗ್ಗೆ ರಿಸಾಲ್‌ನ ನೇರ ಮಾತು ಬೇಕಿದ್ದರೆ, 1889ರ ಫೆಬ್ರವರಿಯಲ್ಲಿ ಮಾಲೊಲೊಸ್ ಊರಿನ ಯುವತಿಯರಿಗೆ ಬರೆದ ತಗಾಲೊಗ್ ಪತ್ರ ಓದಿ. ಸ್ಪ್ಯಾನಿಷ್ ಕಲಿಯಲು ರಾತ್ರಿಶಾಲೆ ಬೇಕೆಂದು ಇಪ್ಪತ್ತು ಜನ ಹೆಣ್ಣುಮಕ್ಕಳು, ಊರ ಪಾದ್ರಿಯ ವಿರೋಧ ಲೆಕ್ಕಿಸದೆ, ಗವರ್ನರ್ ಜನರಲ್‌ಗೆ ಮನವಿ ಕೊಟ್ಟಿದ್ದರು.

ಪ್ರಶ್ನೆ: ಕಾಲೇಜಿಗೆ ಪ್ರಬಂಧ ಬರೆಯುತ್ತಿದ್ದೇನೆ. ಯಾವ ತಪ್ಪುಗಳನ್ನು ತಪ್ಪಿಸಬೇಕು?

ಉತ್ತರ: ‘ನೋಲಿ’ ಮೊದಲ ಫಿಲಿಪಿನೊ ಕಾದಂಬರಿ ಎಂದು ಬರೆಯಬೇಡಿ. ಪೆದ್ರೊ ಪಾತೆರ್ನೊನ ‘ನಿನಾಯ್’ 1885ರಲ್ಲೇ ಮ್ಯಾಡ್ರಿಡ್‌ನಲ್ಲಿ ಬಂದಿತ್ತು. ರಿಸಾಲ್ ಕತಿಪುನಾನ್ ಕಟ್ಟಿದ ಎಂಬುದೂ ತಪ್ಪು, ಇಬರ್ರಾ ಎಂದರೆ ರಿಸಾಲ್ ಎಂಬುದು ಅರ್ಧ ಸತ್ಯ. ಬೇಕಿದ್ದರೆ ಇಬರ್ರಾ, ಎಲಿಯಾಸ್, ತಾಸಿಯೊ, ಇಸಗಾನಿ ನಾಲ್ವರಲ್ಲೂ ಅವನ ಚೂರುಗಳಿವೆ ಎನ್ನಿ, ಪುರಾವೆ ಸಿಗುತ್ತದೆ.

ರಿಸಾಲ್‌ನ ಎರಡು ತಪ್ಪುಗಳನ್ನು ಯೋಚಿಸದೆ ನಕಲು ಮಾಡಬೇಡಿ. ‘ನೋಲಿ’ಯ ಶೀರ್ಷಿಕೆಯ ಮಾತು ಲೂಕನ ಸುವಾರ್ತೆಯದು ಎಂದು ಅವನು ಪತ್ರದಲ್ಲಿ ಬರೆದ. ಅದು ಯೋಹಾನನ ಸುವಾರ್ತೆ, 20ನೆಯ ಅಧ್ಯಾಯ, 17ನೆಯ ವಚನ. ‘ಫಿಲಿ’ಯ ಅರ್ಪಣೆಯಲ್ಲಿ ಗೊಮೆಸ್, ಬುರ್ಗೊಸ್, ಸಾಮೊರಾ ಎಂಬ ಮೂವರು ದೇಶೀಯ ಪಾದ್ರಿಗಳನ್ನು ಕೊಂದದ್ದು 1872ರ ಫೆಬ್ರವರಿ 28 ಎಂದಿದೆ. ನಿಜವಾದ ದಿನ ಫೆಬ್ರವರಿ 17, ವಿಧಾನ ಗರೋಟೆ, ಅಂದರೆ ಕತ್ತು ಬಿಗಿದು ಕೊಲ್ಲುವ ಯಂತ್ರ. ಆ ಜನವರಿಯಲ್ಲಿ ಕಾವೀತೆ ಎಂಬ ಊರಿನ ಕೋಟೆಯಲ್ಲಿ ನಡೆದ ಸೈನಿಕ ದಂಗೆಗೆ ಅವರು ಕಾರಣ ಎಂಬ ಆರೋಪವಿತ್ತು.

ಎಲ್ಲ ಪಾದ್ರಿಗಳೂ ಖಳರು ಎಂಬ ವಾಕ್ಯ ನಿಮ್ಮ ಪ್ರಬಂಧವನ್ನು ಅಲ್ಲೇ ಮುಳುಗಿಸುತ್ತದೆ. ಫ್ಲೊರೆಂತಿನೊ ಇದ್ದಾನೆ, ಇಸಗಾನಿಯ ವಾದವನ್ನು ತಾಳ್ಮೆಯಿಂದ ಕೇಳುವ ಡೊಮಿನಿಕನ್ ಫೆರ್ನಾಂದೆಸ್ ಇದ್ದಾನೆ. ಉದಾಹರಣೆಗೆ ಒಂದೇ ಅಧ್ಯಾಯ ಆರಿಸಬೇಕಿದ್ದರೆ ‘ಫಿಲಿ’ಯ 13ನೆಯದು, ಭೌತಶಾಸ್ತ್ರದ ತರಗತಿ. ಬೀರುವಿನ ಗಾಜಿನೊಳಗೆ ಉಪಕರಣಗಳು ಸಾಲಾಗಿ ನಿಂತಿವೆ, 234 ವಿದ್ಯಾರ್ಥಿಗಳು ಕೂತಿದ್ದಾರೆ, ಒಬ್ಬನೂ ಒಂದನ್ನೂ ಮುಟ್ಟುವುದಿಲ್ಲ.

ಪ್ರಶ್ನೆ: ಫಿಲಿಪೀನ್ಸ್‌ನಲ್ಲಿ ಈ ಪುಸ್ತಕಗಳು ಕಾನೂನಿನ ಪ್ರಕಾರ ಕಡ್ಡಾಯವೇ?

ಉತ್ತರ: ಹೌದು. 1956ರ ಜೂನ್ 12ರಂದು ಜಾರಿಯಾದ ಗಣರಾಜ್ಯ ಕಾಯ್ದೆ 1425, ರಿಸಾಲ್‌ನ ಜೀವನ ಮತ್ತು ಬರಹಗಳನ್ನು, ಮುಖ್ಯವಾಗಿ ಈ ಎರಡು ಕಾದಂಬರಿಗಳನ್ನು, ಸರ್ಕಾರಿ ಮತ್ತು ಖಾಸಗಿ ಶಾಲೆ-ಕಾಲೇಜುಗಳ ಪಠ್ಯದಲ್ಲಿ ಸೇರಿಸಿತು. ಕಾಲೇಜಿನಲ್ಲಿ ಕತ್ತರಿ ಹಾಕದ ಪಠ್ಯವೇ ಇರಬೇಕು. ಅಗ್ಗದ ಆವೃತ್ತಿಗಳಿಗೆ 3,00,000 ಪೆಸೊ ಕೂಡ ಅದರಲ್ಲಿ ನಿಗದಿಯಾಯಿತು. ಸೆನೆಟರ್ ಕ್ಲಾರೊ ರೆಕ್ತೊ ಇದಕ್ಕಾಗಿ ಹೋರಾಡಿದರು, ಕ್ಯಾಥೊಲಿಕ್ ಬಿಷಪ್‌ಗಳು ಜೋರಾಗಿ ವಿರೋಧಿಸಿದರು. ಕೊನೆಗೆ ಆದ ರಾಜಿ: ಧಾರ್ಮಿಕ ಕಾರಣಕ್ಕೆ ಪ್ರಮಾಣಪತ್ರ ಕೊಟ್ಟ ವಿದ್ಯಾರ್ಥಿಗೆ ಪುಸ್ತಕ ಓದುವುದರಿಂದ ವಿನಾಯಿತಿ, ಪಾಠದಿಂದ ಇಲ್ಲ.

ಪ್ರಶ್ನೆ: ಎರಡೂ ಮುಗಿಸಿದೆ. ಮುಂದೇನು ಓದಲಿ?

ಉತ್ತರ: ಎಫ್. ಸಿಯೊನಿಲ್ ಹೋಸೆ ಅವರ ‘ಪೊ-ಓನ್’ (1984). ಮೂಲವೇ ಇಂಗ್ಲಿಷ್‌ನಲ್ಲಿದೆ. ಸ್ಪೇನಿನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಇಲೊಕೊಸ್ ಪ್ರಾಂತ್ಯದಿಂದ ಓಡಿಹೋಗುವ ರೈತ ಕುಟುಂಬವೊಂದರ ಕತೆ. ಪಾದ್ರಿಯಾಗಬೇಕೆಂದಿದ್ದ ಮಗ ಇಸ್ತಾಕ್ ಅದರ ನಾಯಕ. ರಿಸಾಲ್ ಸಿರಿವಂತ ಗೇಣಿದಾರರ ಮನೆಯಿಂದ ನೋಡಿದ್ದನ್ನು ಇದು ನೆಲವಿಲ್ಲದವರ ಕಡೆಯಿಂದ ನೋಡುತ್ತದೆ, ಮತ್ತು ಸ್ಪೇನ್ ಹೋಗಿ ಅಮೆರಿಕ ಬಂದಾಗ ಏನಾಯಿತು ಎಂಬುದರವರೆಗೂ, 1899ರ ತಿರಾದ್ ಕಣಿವೆಯ ಕಾಳಗದವರೆಗೂ, ನಡೆಯುತ್ತದೆ.

ರಿಸಾಲ್‌ನದೇ ಬೇಕಿದ್ದರೆ ‘ಮಕಾಮಿಸಾ’ ಎಂಬ ಮೂರನೆಯ ಕಾದಂಬರಿಯ ತುಣುಕಿದೆ. ತಗಾಲೊಗ್‌ನಲ್ಲಿ ಶುರುಮಾಡಿ, ನಡುವೆ ಸ್ಪ್ಯಾನಿಷ್‌ಗೆ ಹೊರಳಿ, ಪೂರ್ಣಗೊಳಿಸದೆ ಬಿಟ್ಟ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.